ಅಡಿಗೆಮನೆ ಬಾಗಿಲಿಗೆ ನಿಂತ ನನ್ನ ತಂಗಿ

ನನ್ನ ತಂಗಿ ವಿರೂಪಮ್ಮ ಇರುವುದು ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ. ನಮ್ಮವ್ವನ ಖಾಸ ತಮ್ಮ ಚಿದಾನಂದಪ್ಪನಿಗೇ ಅವಳನ್ನು ಕೊಟ್ಟೆವು. ಹೆಣ್ಣು ಮನೆತನ ಬಿಟ್ಟು ಹೊರಗೆ ಹೋಗಬಾರದು, ನಮ್ಮಲ್ಲಿ ಹಾಗೇ ನಡೆದು ಬಂದಿದೆ. ಅವಳ ಹಿರಿಮಗಳು ಚೈತ್ರಾ ತೊಟ್ಟಿಲಲ್ಲಿದ್ದಾಗಲೇ ನನ್ನ ಮಗ ಹುಲುಗೇಶನಿಗೆ ಅಂತ ಮಾತಾಯಿತು. ಮಾತು ತೆಗೆದವನು ನಾನೇ.

ಬಹಳ ವರ್ಷದ ಮೇಲೆ ಎರಡನೆಯವಳು ದುರುಗಮ್ಮ ಹುಟ್ಟಿದಳು. ಹುಟ್ಟಿದ ವಾರದಿಂದಲೇ ಭೇದಿ. ಕುಡಿದ ಹಾಲೆಲ್ಲ ನೀರಾಗಿ ಹೋಗುತ್ತಿತ್ತು. ವಿರೂಪಮ್ಮ ಕೂಸನ್ನು ಸುತ್ತಿಕೊಂಡು ಬಳ್ಳಾರಿಗೆ ಬಂದಳೆಂದರೆ ತಿಂಗಳುಗಟ್ಟಲೆ ಆಸ್ಪತ್ರೆ, ಸಲೈನ್. ಹೇಗೋ ಉಳಿಯಿತು. ಮೂರು ತುಂಬಿದ ಮೇಲೆ ಉಲ್ಟಾ ಆಯಿತು. ಉಂಡು ಕೈ ತೊಳೆಯುವ ಮೊದಲೇ "ಅವ್ವಾ, ಹಸುವು" ಎನ್ನುತ್ತಿದ್ದಳು. ಐದು ವರ್ಷಕ್ಕೆ ಹತ್ತು ವರ್ಷದವಳ ಮೈ. ಒಮ್ಮೆ ದನಕ್ಕಿಟ್ಟ ಮುಸುರೆಯಲ್ಲಿ ಕೈಯಿಟ್ಟು ತಿಂದಳು. ವಿರೂಪಮ್ಮ ಅಡಿಗೆಮನೆಗೆ ಬೀಗ ಜಡಿದು, ಬಾಗಿಲಿಗೇ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ನೀನ ತುರುಕಿ ತುರುಕಿ ಕೆಡಿಸೀದಿ. ಎರಡು ಏಟು ಬಿಟ್ರ ಹಸುವು ತಾನ ಅಡಗತೈತಿ," ಎಂದು ಊರವರ ಜೊತೆ ನಾನೂ ಬೈದೆ.

"ಹಂಗಾದ್ರ ನಾಕು ದಿನ ನಿನ್ನ ಮನ್ಯಾಗ ಇಟಗೊಂಡು ನೋಡಣ್ಣ," ಎಂದಳು. ನಾನು ಇಟ್ಟುಕೊಳ್ಳಲಿಲ್ಲ.

ದುರುಗಿಗೆ ಎಂಟಾದಾಗ ಡಾಕ್ಟರಮ್ಮ ಒಬ್ಬರು ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದರು. ವರದಿ ಬಂದ ದಿನ ನನ್ನನ್ನೂ ಕೂರಿಸಿಕೊಂಡರು. ನಾನು ಕೌಲ್ ಬಜಾರಿನ ಜೀನ್ಸ್ ಶೆಡ್ಡಿನಲ್ಲಿ ಕಟಿಂಗ್ ಮಾಸ್ಟರ್ ಎಂದು ತಿಳಿದು ನನ್ನ ಕಸುಬಿನಲ್ಲೇ ಬಿಡಿಸಿ ಹೇಳಿದರು. ಕರುಳಿನ ಗೋಡೆಯಲ್ಲಿ ಹಾರ್ಮೋನ್ ಮಾಡುವ ಜೀವಕೋಶಗಳಿವೆಯಂತೆ. ಹಾರ್ಮೋನ್ ಮೊದಲು ಥಾನಿನ ಬಟ್ಟೆಯ ಹಾಗೆ ಉದ್ದಕ್ಕೆ ತಯಾರಾಗುತ್ತದೆ. ಅದನ್ನು ಅಳತೆಗೆ ಕತ್ತರಿಸಲು ಒಂದು ಕಿಣ್ವ. ಕತ್ತರಿಸದಿದ್ದರೆ ಕೆಲಸಕ್ಕೆ ಬಾರದು. ದುರುಗಿಯಲ್ಲಿ ಆ ಕಿಣ್ವವೇ ಕೆಟ್ಟಿದೆ. ಅದಕ್ಕೇ ಕೂಸಾಗಿದ್ದಾಗ ಹಾಲು ದಕ್ಕಲಿಲ್ಲ. ಮೆದುಳಿಗೂ ಅದೇ ಕಿಣ್ವ ಬೇಕು, ಅದಕ್ಕೇ ಎಷ್ಟು ಉಂಡರೂ ಹೊಟ್ಟೆ ತುಂಬಿತೆಂದು ಅವಳಿಗೆ ಗೊತ್ತಾಗುವುದಿಲ್ಲ.

"ತಾಯಿದು ಏನೂ ತಪ್ಪಿಲ್ರಿ. ಅಪ್ಪ, ಅವ್ವ ಇಬ್ಬರ ಕಡಿಂದನೂ ಕೆಟ್ಟದ್ದು ಒಂದೊಂದು ಕೂಸಿಗೆ ಬಂದೈತಿ. ಒಂದ ಮನೆತನದಾಗ ಮದುವಿ ಆದ್ರ ಹಿಂಗ ಕೂಡೋದು ಜಾಸ್ತಿ," ಎಂದರು.

ಹೊರಗೆ ಬಂದವಳೇ ವಿರೂಪಮ್ಮ ನಿಂತಳು. "ಅಣ್ಣ, ಚೈತ್ರಾನ್ನ ಹುಲುಗೇಶಗ ಕೊಡಂಗಿಲ್ಲ."

"ಏನಂದಿ? ತೊಟ್ಟಿಲದಾಗ ಆದ ಮಾತು ಅದು!"

"ಮಾತು ನಿಂದು. ಮುಸುರಿಯಿಂದ ಕೂಸಿನ ಕೈ ತೆಗದಾಕಿ ನಾನು. ಚೈತ್ರಾ ಹಂಗ ತೆಗಿಯೋದು ನಾ ನೋಡಂಗಿಲ್ಲ."

ಆಸ್ಪತ್ರೆ ಮಂದಿಯೆಲ್ಲ ನೋಡುವ ಹಾಗೆ ಬಾಯಿಗೆ ಬಂದದ್ದು ಬೈದೆ. ನನ್ನ ಪಾಲಿಗೆ ನೀ ಸತ್ತಿ ಅಂದೆ. ಮೂರು ವರ್ಷ ಕರೂರಿಗೆ ಕಾಲಿಡಲಿಲ್ಲ.

ಕುರುಗೋಡಿನಲ್ಲಿ, ನೆಂಟಸ್ತಿಕೆಯೇ ಇಲ್ಲದ ಮನೆಯಲ್ಲಿ ಚೈತ್ರಾಗೆ ವರ ಗೊತ್ತಾಯಿತು. ಕರೆಯಲು ವಿರೂಪಮ್ಮ ಒಬ್ಬಳೇ ಬಂದಳು.

"ಸೋದರಮಾವ ಇಲ್ಲದ ಹಸಿಮಣಿಗೆ ಮಗಳನ್ನ ಹೆಂಗ ಕೂಡಸಲಿ? ಸತ್ತಾಕಿ ಬಂದು ಕರದಳು ಅಂತ ತಿಳಕೊಂಡಾದ್ರೂ ಬಾ."

ಹೋದೆ. ಚೈತ್ರಾಳ ಕೈ ಹಿಡಿದು ಹಸೆಗೆ ತಂದು ಕೂರಿಸಿದೆ. ಎಲ್ಲರ ಕೈಗೆ ಅಕ್ಷತೆ ಬಂತು, ಹೆತ್ತವಳೇ ಕಾಣಲಿಲ್ಲ. ಹುಡುಕಿಕೊಂಡು ಹಿಂದಕ್ಕೆ ಹೋದೆ. ಅಡಿಗೆಮನೆ ಬಾಗಿಲಿಗೆ ಎರಡೂ ಕೈ ಅಡ್ಡಕೊಟ್ಟು ನಿಂತಿದ್ದಳು. ಎದುರಿಗೆ ದುರುಗಿ, ಹೋಳಿಗೆ ಬೇಕೆಂದು ಅಳುತ್ತ.

"ನೀ ಹೋಗು, ತಾಳಿ ಕಟ್ಟೋ ಹೊತ್ತಾತು. ನಾ ನಿಲ್ತೀನಿ," ಎಂದೆ.

"ನಿನ್ನ ಕೈಲಿ ಆಗಂಗಿಲ್ಲಣ್ಣ. ಸಿಟ್ಟಿಗೆದ್ದು ಹೊಡಿತಿ, ಇಲ್ಲ ಕರಗಿ ಕೊಟ್ಟುಬಿಡ್ತಿ."

"ಎರಡೂ ಮಾಡಂಗಿಲ್ಲ. ಹೋಗವ್ವ."

ಸೆರಗು ಸರಿಮಾಡಿಕೊಂಡು ಓಡಿದಳು. ದುರುಗಿ ನನ್ನ ಅಂಗಿ ಹಿಡಿದು "ಮಾವಾ, ಒಂದ" ಎಂದಳು. ಅದು ಹಟವಲ್ಲ, ಮೂರು ದಿನ ಉಪವಾಸವಿದ್ದವರ ಮುಖ. ಆಗತಾನೆ ಉಂಡಿದ್ದಳು. ಓಲಗದ ಸದ್ದು ಏರಿತು.

"ಇಲ್ಲವ್ವ," ಎಂದೆ.

ಮತ್ತೆ ಕೇಳಿದಳು. ಬಾಗಿಲಿಗೆ ಬೆನ್ನು ಒತ್ತಿ ನಿಂತು, ಮತ್ತೆ ಇಲ್ಲವೆಂದೆ.