ಶೀನ ಬಾವನ ಎದುರಾಳಿಗಳು

ನನ್ನ ಅಕ್ಕನ ಗಂಡ ಶೀನ ಬಾವನನ್ನು ಟೀವಿಯಲ್ಲಿ ಆಡುವ ಕಾರ್ ರೇಸಿನ ಆಟದಲ್ಲಿ ಸೋಲಿಸಿದವನು ನಾನು. ಎದುರು ಕೂತು ಆಡಿ ಸೋಲಿಸಿದ್ದಲ್ಲ — ಅಷ್ಟು ಯೋಗ್ಯತೆ ನನಗಿಲ್ಲ. ಅವರು ಕೈ ತೊಳೆಯಲು ಎದ್ದು ಹೋದಾಗ, ಕದ್ದು, ಹೆಬ್ಬೆರಳಿನಿಂದ ಸೋಲಿಸಿದ್ದು. ನಾಲ್ಕು ವರ್ಷದಿಂದ ಇದು ಬಂಗಡೆ ಮೀನಿನ ಮುಳ್ಳಿನಂತೆ ಗಂಟಲಲ್ಲಿದೆ.

ಟೀವಿಯೊಳಗಿನ ಸೋಲಿಗೆ ಇಷ್ಟೊಂದು ಶೋಕವೇ ಎಂದು ನೀವು ನಗಬಹುದು. ನಗಿ. ಆಮೇಲೆ ಮುಂದೆ ಓದಿ.

ನಾನು ಕುಂದಾಪುರದಲ್ಲಿ ಮೂವತ್ತೈದು ವರ್ಷ ದಸ್ತಾವೇಜು ಬರೆದವನು. ಊರವರ ಗದ್ದೆ, ಬಾವಿ, ತೆಂಗಿನಮರಗಳನ್ನು ಕಾಗದದ ಮೇಲೆ ಒಬ್ಬರಿಂದ ಒಬ್ಬರಿಗೆ ದಾಟಿಸಿದವನು. ಅಲ್ಪವಿರಾಮಕ್ಕೂ ಹೆದರುವ ಮನುಷ್ಯ. ಇಂಥವನು ಅರವತ್ತು ದಾಟಿದ ಮೇಲೆ, ಮುಂಬಯಿಯಿಂದ ಮರಳಿದ ನೆರೆಯವರೊಬ್ಬರಿಂದ ಟೀವಿಗೆ ಜೋಡಿಸುವ ರೇಸಿನ ಆಟದ ಯಂತ್ರವೊಂದನ್ನು ಏಕೆ ಕೊಂಡ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿ ಆಗಲೇ ಕೇಳಿಯಾಗಿದೆ. ಬೀಜಾಡಿಯ ನಮ್ಮ ಮನೆಯಲ್ಲಿ ಅದಕ್ಕೆ ಪ್ರವೇಶ ಸಿಗಲಿಲ್ಲ. ಅದು ತ್ರಾಸಿಯ ಅಕ್ಕನ ಮನೆ ಸೇರಿತು.

ಶೀನ ಬಾವ ಆಗ ಮನೆಯಲ್ಲೇ ಇದ್ದರು. ಬಿಳಿ ಗೂಡ್ಸ್ ಗಾಡಿಯಲ್ಲಿ ಮೀನು ತುಂಬಿಕೊಂಡು ಕೊಕ್ಕರ್ಣೆ ಕಡೆಯ ಹಳ್ಳಿಗಳಿಗೆ ಹೋಗಿ ಮಾರುವುದು ಅವರ ಕೆಲಸ. ತಿರುವಿನಲ್ಲಿ ಮೂರು ಸಲ ಹಾರನ್ ಹೊಡೆದರೆ ಅಲ್ಲಿನ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಬೆಕ್ಕುಗಳು ಅವರಿಗಿಂತ ಮೊದಲೇ ಬರುತ್ತಿದ್ದವು. ಬಾವನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಇನ್ನು ಗಾಡಿ ಬಿಡಬಹುದು ಎಂದು ಡಾಕ್ಟರು ಹೇಳಿದರು. ಆದರೆ ಬಾವನಿಗೆ ತನ್ನ ಮೇಲೆಯೇ ಧೈರ್ಯ ಸಾಲಲಿಲ್ಲ. ಗಾಡಿ ಅಂಗಳದಲ್ಲಿ ನಿಂತೇ ಇತ್ತು.

ಆಟದಲ್ಲಿ ಗುರುವಾರಕ್ಕೊಂದು ಹೊಸ ಸವಾಲು ಬರುತ್ತದೆ. ಅದರ ತಮಾಷೆಯೆಂದರೆ, ಆಟದೊಳಗಿನ ನಮ್ಮ ಗ್ಯಾರೇಜಿನಲ್ಲಿ ನೂರಾರು ಕಾರುಗಳಿದ್ದರೂ ಯಾರೂ ಮುಟ್ಟದ ಒಂದನ್ನೇ ಹುಡುಕಿ, ಈ ವಾರ ಇದರಲ್ಲೇ ಗೆಲ್ಲಿ ಎನ್ನುತ್ತದೆ. ಹಾಲಿನ ವ್ಯಾನು, ಮೂರು ಚಕ್ರದ ಡಬ್ಬಿ, ಯಾವುದೋ ದೇಶದ ಹಳೆಯ ಜೀಪು. ಬಾವನಿಗೆ ಅವುಗಳ ಮೇಲೆಯೇ ಮಮತೆ.

“ಪಾಪ ಕಾಣ್, ಮಂಜ. ಇದನ್ನ್ ಯಾರೂ ಹೊರ್ಗೆ ತೆಗದ್ದೇ ಇಲ್ಲ. ಬ್ಯಾಟ್ರಿ ಇಳ್ದಿರತ್ತ್.”

“ಬಾವ, ಅದ್ ಟೀವಿಯೊಳ್ಗಿನ್ ಗಾಡಿ.”

“ಆದ್ರೆ ಎಂತ? ಗಾಡಿ ಗಾಡಿಯೇ ಅಲ್ದಾ?”

ಹೀಗೆ ಎಂಟು ತಿಂಗಳು. ಪ್ರತಿ ಗುರುವಾರ ಬೆಳಿಗ್ಗೆ ನಾನು ಬಸ್ಸು ಹತ್ತಿ ತ್ರಾಸಿಗೆ ಹೋಗುತ್ತಿದ್ದೆ. ಸವಾಲಿನಲ್ಲಿ ಕೇಳಿದ ಕಾರಿನ ಫೋಟೊವನ್ನು ಆಟದೊಳಗೇ ತೆಗೆಯುವಂಥ ಗುಮಾಸ್ತಗಿರಿ ನನ್ನದು, ರೇಸು ಅವರದು. ನಡುವೆ ಅಕ್ಕನ ಚಹಾ, ಅಕ್ಕನ ಬೈಗುಳ. ನನ್ನ ಬದುಕಿನಲ್ಲಿ ಅಷ್ಟು ನಗುವಿನ ದಿನಗಳು — ಇರಲಿ.

ಒಂದು ಗುರುವಾರದ ಸವಾಲು ಗೂಡ್ಸ್ ಗಾಡಿಯದು. ಬಿಳಿ ಬಣ್ಣ, ಹಿಂದೆ ಡಬ್ಬಿ. ಬಾವ ಎದ್ದು ನಿಂತೇಬಿಟ್ಟರು.

“ಹ್ವಾಯ್, ಇದ್ ನಮ್ದೇ ಗಾಡಿ ಮಾರಾಯ!” ಆಮೇಲೆ ದನಿ ಇಳಿಸಿದರು. “ಮಂಜ, ಮೂರ್ ಸಲ ಆಡ್ತೆ. ಒಂದ್ ಸಲ ಫಸ್ಟ್ ಬಂದ್ರೂ ಸೋಮವಾರ ಕೊಕ್ಕರ್ಣೆಗೆ ಹೋತೆ. ಫಸ್ಟ್ ಬರ್ದಿದ್ರೆ ಗಾಡಿ ಕೀಲಿ ನಿನ್ ಅಕ್ಕನ್ ಕೈಗೆ. ಡಾಕ್ಟ್ರ್ ಹೇಳ್ರೆ ಸಾಕಾ? ನಂಗೆ ನಾನೇ ಕಾಣ್ಕ್.”

“ಆಟ ಕಂಡ್ ಗಾಡಿ ಬಿಡುದಾ?” ಒಳಗಿನಿಂದ ಅಕ್ಕ. “ತಲಿ ಸಮ ಇತ್ತಾ ನಿಮ್ಗೆ?”

ಬಾವ ಕೈ ತೊಳೆಯಲು ಬಚ್ಚಲಿಗೆ ಹೋದರು — ನಿಜವಾದ ಗಾಡಿ ಹತ್ತುವ ಮೊದಲೂ ಅವರ ಪದ್ಧತಿ ಅದೇ. ಆಟದಲ್ಲಿ ಯಂತ್ರವೇ ಓಡಿಸುವ ಎದುರಾಳಿಗಳು ಎಷ್ಟು ಚುರುಕಾಗಿರಬೇಕು ಎಂದು ನಿಗದಿ ಮಾಡುವ ಒಂದು ಪಟ್ಟಿ ಇದೆ. ನಾವು ಅದನ್ನು ಸದಾ ಮಧ್ಯದಲ್ಲಿ ಇಟ್ಟಿರುತ್ತಿದ್ದೆವು. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ನಾನು ಎದುರಾಳಿಗಳ ಚುರುಕನ್ನು ಹೆಬ್ಬೆರಳಿನಿಂದ ಮೂರು ಮೆಟ್ಟಿಲು ಏರಿಸಿದೆ.

ಬಾವ ಬಂದು ಕೂತರು. ಮೊದಲ ಸಲ ಐದನೆಯವರು. ಎರಡನೆಯ ಸಲ ನಾಲ್ಕು. ಮೂರನೆಯ ಸಲ — ನಾನು ಪರದೆ ನೋಡಲಿಲ್ಲ, ಅವರ ಕೈ ನೋಡುತ್ತಿದ್ದೆ. ನಡುಗದ ಕೈ. ಎರಡನೆಯವರಾಗಿ ಬಂದರು. ಆ ಮಟ್ಟದಲ್ಲಿ, ಆ ಗಾಡಿಯಲ್ಲಿ, ಎರಡನೆಯವರು!

ರಿಮೋಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಅವರು ಹೇಳಿದ್ದು ಇಷ್ಟೇ: “ಕಣ್ಣ್ ಸಮ ಇತ್ತ್, ಮಂಜ. ಕೈ ಹೋಯ್ತ್.”

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — ಚಹಾ ಕುಡಿದೆ. ಅವರು ಎದ್ದು ಹೋಗಿ ಕೀಲಿಯನ್ನು ಅಕ್ಕನ ಅಂಗೈಯಲ್ಲಿಟ್ಟರು. ಅಕ್ಕ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೀಲಿ ಹಿಡಿದುಕೊಂಡು ಗಾಡಿಯ ಕಡೆಗೇ ನೋಡುತ್ತ ನಿಂತಳು.

ಗಾಡಿಯನ್ನು ಬೈಂದೂರಿನವರೊಬ್ಬರು ಕೊಂಡರು. ಕರಾರುಪತ್ರ ಬರೆದವನು ಬೇರೆ ಯಾರು? ಸಾವಿರಾರು ಸಲ ಬರೆದ ವಾಕ್ಯವನ್ನೇ ಚೆಂದದ ಅಕ್ಷರದಲ್ಲಿ ಬರೆದೆ: ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಮಾರಿರುತ್ತೇನೆ.’ ಬಾವ ನನ್ನನ್ನು ನಂಬಿ, ಓದದೆಯೇ ಸಹಿ ಹಾಕಿದರು.

ಅಕ್ಕನ ಹೆದರಿಕೆಗಾಗಿ ಹಾಗೆ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಹೆದ್ದಾರಿ, ಲಾರಿಗಳು, ವಯಸ್ಸು — ಒಳ್ಳೆಯ ಕಾರಣಗಳು, ದಸ್ತಾವೇಜಿನಲ್ಲಿ ನಿಲ್ಲುವಂಥವು. ನಿಜ ಬೇರೆ. ಬಾವ ಮತ್ತೆ ಗಾಡಿ ಹತ್ತಿದರೆ ಗುರುವಾರ ಬೆಳಿಗ್ಗೆ ಅವರು ಕೊಕ್ಕರ್ಣೆಯಲ್ಲಿರುತ್ತಾರೆ. ನಾನು ಎಲ್ಲಿ ಹೋಗಲಿ? ಅಷ್ಟೇ. ಒಬ್ಬ ಮುದುಕನಿಗೆ ಆಟದ ಜೊತೆಗಾರ ತಪ್ಪಬಾರದೆಂದು ಇನ್ನೊಬ್ಬನ ಕೈ ಕಿತ್ತುಕೊಂಡೆ.

ಅದೂ ದಕ್ಕಲಿಲ್ಲ. ಆ ದಿನದ ನಂತರ ಬಾವ ಆಟವನ್ನೂ ಮುಟ್ಟಲಿಲ್ಲ. “ತಕಂಡ್ ಹೋಗ್ ಮಾರಾಯ, ಇಲ್ಲಿ ಧೂಳ್ ಹಿಡಿತ್ತ್” ಎಂದರು. ಯಂತ್ರವನ್ನು ಬೀಜಾಡಿಗೆ ತಂದಾಗ ಹೆಂಡತಿ ತಾನೇ ಟೀವಿಯ ಪಕ್ಕ ಜಾಗ ಮಾಡಿಕೊಟ್ಟಳು. ನನ್ನ ಮುಖ ಹೇಗಿತ್ತೋ. ಒಮ್ಮೆ ಕೊಕ್ಕರ್ಣೆಗೆ ಒಂದು ಮದುವೆಗೆ ಹೋಗಿದ್ದಾಗ ಒಬ್ಬ ಹೆಂಗಸು ಕೇಳಿದಳು, “ಶೀನಣ್ಣ ಈಗ ಎಂತಕೆ ಬತ್ತಿಲ್ಲ?” ವಯಸ್ಸಾಯಿತಲ್ಲ ಎಂದೆ. ಸುಳ್ಳಿಗೆ ಇನ್ನೊಂದು ಪುಟ ಸೇರಿತು.

ನಾಲ್ಕು ವರ್ಷದಿಂದ ಗುರುವಾರದ ಸವಾಲುಗಳನ್ನು ಒಬ್ಬನೇ ಮುಗಿಸುತ್ತಿದ್ದೇನೆ. ಯಾರಿಗೂ ಬೇಡವಾದ ಕಾರುಗಳನ್ನೆಲ್ಲ ಶಿಸ್ತಾಗಿ ಹೊರಗೆ ತೆಗೆದು, ಎದುರಾಳಿಗಳನ್ನು ತೀರ ಕೆಳಗಿನ ಮಟ್ಟದಲ್ಲಿಟ್ಟು ಗೆದ್ದು, ಒಳಗೆ ನಿಲ್ಲಿಸುತ್ತೇನೆ. ಈ ಗುರುವಾರ ಸವಾಲು ತೆರೆದಾಗ ಅದೇ ಬಿಳಿ ಗೂಡ್ಸ್ ಗಾಡಿ ಬಂದಿತ್ತು. ಎದುರಾಳಿಗಳನ್ನು ಹಳೆಯ ಮಧ್ಯದ ಮಟ್ಟಕ್ಕೆ ಏರಿಸಿ ಒಂದು ಸಲ ಆಡಿ ನೋಡಿದೆ. ಸೈಕಲ್ಲನ್ನೂ ನೆಟ್ಟಗೆ ಬಿಡಲು ಬಾರದ ನಾನು ಮೊದಲನೆಯವನಾಗಿ ಬಂದೆ.

ನಾಳೆ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ತ್ರಾಸಿಗೆ ಹೋಗುತ್ತೇನೆ. ಅಕ್ಕನನ್ನೂ ಎದುರು ಕೂರಿಸಿ ಬಾವನಿಗೆ ಎಲ್ಲವನ್ನೂ ಹೇಳುತ್ತೇನೆ — ಮೂರು ಮೆಟ್ಟಿಲನ್ನು, ಗುರುವಾರದ ಆಸೆಯನ್ನು. ಗಾಡಿಯನ್ನು ತಂದುಕೊಡಲಾರೆ, ನಾಲ್ಕು ವರ್ಷವನ್ನೂ. ಅವರು ಬಾಗಿಲು ತೋರಿಸಿದರೆ ಹೊರಡುತ್ತೇನೆ. ರಿಮೋಟ್ ಕೈಗೆ ತೆಗೆದುಕೊಂಡರೆ, ಅವರು ಆಡಿ ಮುಗಿಸುವ ತನಕ ನಾನು ಹೊರಗೆ ಅಂಗಳದಲ್ಲಿ, ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿರುತ್ತೇನೆ.

ಈ ಕಾಗದವನ್ನು ಯಾರ ಒತ್ತಾಯವೂ ಇಲ್ಲದೆ ಬರೆದಿರುತ್ತೇನೆ. ‘ಸ್ವಸಂತೋಷದಿಂದ’ ಎಂಬ ಮಾತನ್ನು ಮಾತ್ರ ಈ ಸಲ ಬರೆದಿಲ್ಲ.