ಜೋಸೆಫಿನ್ ಟೀಚರ್ ಆಡಳಿತ ಕಲಿತದ್ದು

ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಗೇಟು ಜೋಸೆಫಿನ್ ಟೀಚರದು. ಗಂಡ ಜೆರೋಮ್ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯೊಂದರಲ್ಲಿ ಅಕೌಂಟೆಂಟು. ದಿನವಿಡೀ ಬೇರೆಯವರ ಲೆಕ್ಕ ನೋಡಿ ನೋಡಿ, ಮನೆಯಲ್ಲಿ ಮಾತನ್ನೂ ಉಳಿತಾಯ ಮಾಡುವ ಮನುಷ್ಯ. ಇಬ್ಬರೂ ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಮನೆಯೊಳಗೆ ಕೊಂಕಣಿ, ಬೇಲಿಯ ಈಚೆಗಿನ ನಮ್ಮೊಂದಿಗೆ ಕನ್ನಡ, ತರಕಾರಿಯವಳೊಂದಿಗೆ ಸ್ವಾಹಿಲಿ, ತರಗತಿಯಲ್ಲಿ ಇಂಗ್ಲಿಷು. ಇಷ್ಟು ಭಾಷೆ ಬಂದರೂ ಒಂದರಲ್ಲೂ ಸುಳ್ಳು ಹೇಳಲು ಟೀಚರಿಗೆ ಬರುತ್ತಿರಲಿಲ್ಲ. ವ್ಯಾಪಾರಸ್ಥನಿಗೆ ಅಂಥವರ ನೆರೆ ಕೊಂಚ ಕಿರಿಕಿರಿಯೇ.

ನಾನು ಶಾಲೆಗಳಿಗೆ ಸಾಮಾನು ಒದಗಿಸುವವನು. ಸೀಮೆಸುಣ್ಣ, ಗ್ರಾಫ್ ಹಾಳೆ, ಬೀಕರು, ಆಸಿಡ್ಡು. ಹಾಗಾಗಿ ನೈರೋಬಿಯ ಹೈಸ್ಕೂಲುಗಳನ್ನು ಹಿಂಬಾಗಿಲಿನಿಂದ ಬಲ್ಲೆ. ಯಾವ ಶಾಲೆಯಲ್ಲಿ ಪಾಠ ಆಗುತ್ತದೆ, ಯಾವುದರಲ್ಲಿ ನೋಟ್ಸು ಓದಿ ಬರೆಸುತ್ತಾರೆ ಎಂಬುದು ಸೀಮೆಸುಣ್ಣದ ಖರ್ಚಿನಲ್ಲೇ ಗೊತ್ತಾಗುತ್ತದೆ. ವರ್ಷವಿಡೀ ಒಂದು ಬೀಕರೂ ಒಡೆಯದ ಶಾಲೆ ಇದ್ದರೆ, ಅಲ್ಲಿ ಮಕ್ಕಳ ಕೈಗೆ ಬೀಕರು ಕೊಟ್ಟಿಲ್ಲ ಎಂದೇ ಅರ್ಥ. ಜೋಸೆಫಿನ್ ಟೀಚರ್ ಗಣಿತ ಕಲಿಸುತ್ತಿದ್ದ ಶಾಲೆಗೆ ಸೀಮೆಸುಣ್ಣ ಎಷ್ಟು ಕಳಿಸಿದರೂ ಸಾಲುತ್ತಿರಲಿಲ್ಲ.

ಟೀಚರದ್ದು ಒಂದು ವಿಚಿತ್ರ ಪದ್ಧತಿ. ಬೋರ್ಡಿನ ಮೇಲೆ ಹುಡುಗರು ಲೆಕ್ಕ ತಪ್ಪು ಮಾಡಿದರೆ ಅಳಿಸಲು ಬಿಡುತ್ತಿರಲಿಲ್ಲ. ಪೀರಿಯಡ್ ಮುಗಿಯುವವರೆಗೂ ಆ ತಪ್ಪು ಅಲ್ಲೇ ನಿಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು ಬರಬೇಕು. "ಅದು ಇರ್ಲಿ ಈರಣ್ಣ," ಎಂದು ನನಗೊಮ್ಮೆ ವಿವರಿಸಿದ್ದರು. "ಅಳಿಸಿದ್ರೆ ಮಕ್ಕಳಿಗೆ ನಾಚಿಕೆ ಒಂದೇ ನೆನಪಿರುದು. ಎಲ್ಲಿ ತಪ್ಪಿತು ಅಂತ ಮರ್ತೇ ಹೋಗ್ತದೆ."

2004ರಲ್ಲಿ ಹಳೆಯ ಪ್ರಿನ್ಸಿಪಾಲರು ನಿವೃತ್ತರಾದರು. ಶಾಲೆಯ ಟ್ರಸ್ಟಿನ ಚೇರ್ಮನ್ ಅನಂತ್, ಬೆಂಗಳೂರಿನವರು, ಪ್ಲಾಸ್ಟಿಕ್ ಕಾರ್ಖಾನೆಯ ಮಾಲೀಕರು, ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡುವವರನ್ನು ಹುಡುಕಿ ಪಾಠದಿಂದ ಎಬ್ಬಿಸಿ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂರಿಸಿದರು. ಒಳ್ಳೆಯ ಡ್ರೈವರ್ ಸಿಕ್ಕಿದರೆ ಅವನನ್ನು ಗ್ಯಾರೇಜಿನ ಮ್ಯಾನೇಜರ್ ಮಾಡುವುದು ನಮ್ಮವರ ಅಭ್ಯಾಸ. ಅದಕ್ಕೆ ಬಡ್ತಿ ಎಂದು ಹೆಸರು.

ಆಡಳಿತ ಟೀಚರಿಗೆ ಒಗ್ಗಲಿಲ್ಲ. ತಮ್ಮ ಹತ್ತಿರ ಎಷ್ಟು ಹಣವಿದೆ ಎಂದು ಮೊದಲೇ ಹೇಳಿ ಆಮೇಲೆ ಚೌಕಾಸಿಗೆ ಇಳಿಯುತ್ತಿದ್ದರು. ಮೀಟಿಂಗಿನ ನಡುವೆ ಎದ್ದು ತಮ್ಮ ಒಂದು ಗಣಿತದ ಕ್ಲಾಸಿಗೆ ಓಡುತ್ತಿದ್ದರು. ಉಳಿದ ಮೇಷ್ಟ್ರುಗಳ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದರು. ಮೇಷ್ಟ್ರುಗಳು ಅದನ್ನು ತಪಾಸಣೆ ಎಂದು ತಿಳಿದು ಉರಿದುಕೊಂಡರು. ಫಿಸಿಕ್ಸಿನವರು ಹಳದಿಗಟ್ಟಿದ ನೋಟ್ಸಿನಿಂದಲೇ ವರ್ಷಾನುಗಟ್ಟಲೆ ಬದುಕಿದ್ದವರು. ಅವರೊಂದಿಗೆ ಟೀಚರ್ ತಾವೇ ಪ್ರಯೋಗಾಲಯಕ್ಕೆ ಇಳಿದರು. ಆ ಅವಧಿಯಲ್ಲಿ ಅಲ್ಲಿಂದ ಮೊದಲ ಬಾರಿ ಬಲ್ಬು, ತಂತಿ ಬೇಕೆಂದು ನನಗೆ ಫೋನು ಬಂತು. ಮಕ್ಕಳು ಬಲ್ಬು ಸುಡುತ್ತಿದ್ದಾರೆ ಎಂದರೆ ಕಲಿಯುತ್ತಿದ್ದಾರೆ ಎಂದು ನಾನು ಸಂತೋಷದಿಂದ ಬಿಲ್ಲು ಬರೆದೆ.

ಆದರೆ ಶಾಲೆಯನ್ನು ಅಳೆಯುವ ಕೋಲು ಬೇರೆಯೇ ಇತ್ತು. ಫಾರ್ಮ್ ಫೋರ್ ಎಂಬ ಕೊನೆಯ ತರಗತಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಫಲಿತಾಂಶ ಬಂದಾಗ ಪ್ರತಿ ಶಾಲೆಯ ಸರಾಸರಿ ತೆಗೆದು ಪತ್ರಿಕೆಗಳಲ್ಲಿ ಸಾಲಾಗಿ ಹೆಸರು ಹಾಕುತ್ತಾರೆ. ಆ ಸಾಲಿನಲ್ಲಿದ್ದರೆ ಶಾಲೆಯ ಗೇಟಿನ ಮುಂದೆ ಕಾರುಗಳ ಜಾಮು. ಇಲ್ಲದಿದ್ದರೆ ವಾಚ್‌ಮ್ಯಾನ್ ಒಬ್ಬನೇ. ಅದಕ್ಕೆ ಕೆಲವು ಶಾಲೆಗಳು ಒಂದು ಉಪಾಯ ಕಂಡುಕೊಂಡಿದ್ದವು. ವರ್ಷದ ಆರಂಭದಲ್ಲಿ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ, ಓದಿನಲ್ಲಿ ಹಿಂದಿರುವ ಮಕ್ಕಳನ್ನು ಊರಾಚೆಯ ಬೇರೊಂದು ಪರೀಕ್ಷಾ ಕೇಂದ್ರದಿಂದ ಬರೆಸುವುದು. ಫೀಸು ಇಲ್ಲಿ, ಪಾಠ ಇಲ್ಲಿ, ಅಂಕ ಮಾತ್ರ ಅಲ್ಲಿಯ ಸರಾಸರಿಗೆ. ಈ ಶಾಲೆಯಲ್ಲೂ ಅದು ನಡೆದುಕೊಂಡು ಬಂದಿತ್ತು.

2005ರ ಜನವರಿಯಲ್ಲಿ ಆ ಮಾತು ಟೀಚರ ಮೇಜಿನ ಮೇಲೆ ಬಂದಾಗ ಬಿಲ್ಲಿಗೆ ಸಹಿ ಹಾಕಿಸಲು ಹೋಗಿದ್ದ ನಾನು ಅಲ್ಲೇ ಕೂತಿದ್ದೆ. ಅನಂತ್ ನನ್ನನ್ನು ಇನ್ನೊಂದು ಕುರ್ಚಿ ಎಂದು ಭಾವಿಸಿದಂತೆ ಮಾತು ಮುಂದುವರಿಸಿದರು.

"ಮೇಡಮ್, ಇದೇನ್ ನಾವು ಕಂಡುಹಿಡಿದಿದ್ದಾ? ಏಳು ಜನ ಆ ಸೆಂಟರಲ್ಲಿ ಬರೀತಾರೆ, ಅಷ್ಟೇ. ಯಾರನ್ನೂ ಆಚೆಗೆ ಹಾಕ್ತಾ ಇಲ್ಲ."

"ನಾಲ್ಕು ವರ್ಷ ನಮ್ಮ ಮಕ್ಕಳು, ಪರೀಕ್ಷೆ ದಿನ ಮಾತ್ರ ನಮ್ಮವರಲ್ಲ. ಇದಕ್ಕೆ ಎಂತ ಹೇಳುದು ಸರ್?"

"ಅಡ್ಜಸ್ಟ್‌ಮೆಂಟ್ ಅನ್ನಿ." ಅನಂತ್ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಈರಣ್ಣೋರೇ, ಬಿಸಿನೆಸ್ಸಿನವರು. ಡ್ಯಾಮೇಜ್ ಆಗಿರೋ ಮಾಲನ್ನ ಶೋಕೇಸಲ್ಲಿ ಇಡ್ತೀರಾ?"

"ಇಡಲ್ಲ ಸರ್. ಆದ್ರೆ ನನ್ನ ಮಾಲು ಮನೆಗೆ ಹೋಗಿ ಅಳೋದಿಲ್ಲ ನೋಡ್ರಿ."

ಅವರು ನಕ್ಕರು. ಆಮೇಲೆ ದನಿ ತಗ್ಗಿಸಿ, "ಆ ಏಳರಲ್ಲಿ ನಿಮ್ಮ ಗಾಡ್‌ಸನ್ ಒಬ್ಬ ಇದಾನಂತೆ. ಅವನನ್ನ ಇಟ್ಕೊಳ್ಳಿ, ಯಾರೂ ಕೇಳಲ್ಲ. ಉಳಿದ ಆರು ಜನ ಹೋಗ್ಲಿ," ಎಂದರು.

ಹುಡುಗನ ಹೆಸರು ಹ್ಯಾನ್ಸೆಲ್. ಅವನ ತಾಯಿ ಈಲೇನ್ ಗಿಗಿರಿ ಬಡಾವಣೆಯ ಒಂದು ಕಚೇರಿಯಲ್ಲಿ ಸೆಕ್ರೆಟರಿ, ಟೀಚರ ಊರಿನವರೇ. ಹ್ಯಾನ್ಸೆಲನಿಗೆ ಜ್ಞಾನಸ್ನಾನ ಮಾಡಿಸಿದ ದಿನ ಇಗರ್ಜಿಯಲ್ಲಿ ಅವನನ್ನು ಎತ್ತಿಕೊಂಡು ಗಾಡ್‌ಮದರ್ ಆಗಿ ನಿಂತವರು ಜೋಸೆಫಿನ್. ಸ್ವಂತ ಮಕ್ಕಳಿಲ್ಲದ ಟೀಚರಿಗೆ ಅವನು ಏನಾಗಿದ್ದ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅನಂತ್ ಕೊಡುತ್ತಿದ್ದ ದರ ಒಳ್ಳೆಯದೇ. ನಾನಾಗಿದ್ದರೆ ಆ ಕ್ಷಣದಲ್ಲೇ ಕೈ ಕುಲುಕುತ್ತಿದ್ದೆ.

"ಇಟ್ಟರೆ ಏಳು ಜನ," ಎಂದರು ಟೀಚರ್. "ಇಲ್ಲದಿದ್ರೆ ಅವನೂ ಹೋಗ್ತಾನೆ, ಹಿಂದಿನಿಂದ ನಾನೂ ಹೋಗ್ತೇನೆ."

ಅನಂತ್ ಎದ್ದು ಕೋಟು ಸರಿಮಾಡಿಕೊಂಡರು. "ಆಯ್ತು ಮೇಡಮ್. ಈ ವರ್ಷ ನಿಮ್ಮ ಮಾತೇ ಆಗ್ಲಿ. ರಿಸಲ್ಟ್ ಬಂದ್ಮೇಲೆ ಮಾತಾಡೋಣ."

ಮರುವಾರದಿಂದಲೇ ಟೀಚರ್ ಆ ಏಳು ಮಕ್ಕಳಿಗೆ ಶಾಲೆ ತೆರೆಯುವ ಮುಂಚೆ ಪಾಠ ಶುರುಮಾಡಿದರು. ಬೆಳಗಿನ ಚಳಿಯಲ್ಲಿ ಮೊದಲ ಮಟಾಟು ವ್ಯಾನು ಹಿಡಿದು, ನಿದ್ದೆಗಣ್ಣಿನಲ್ಲಿ ಅವು ಬರುತ್ತಿದ್ದವು. ಲಾರಿಗಳ ಜಾಮಿಗೆ ಸಿಕ್ಕಬಾರದೆಂದು ನಾನೂ ಹೊತ್ತಿಗೆ ಮುಂಚೆ ಮಾಲು ಇಳಿಸಲು ಹೋಗುತ್ತಿದ್ದೆ. ಕಿಟಕಿಯಲ್ಲಿ ಇಣುಕಿದರೆ ಹ್ಯಾನ್ಸೆಲ್ ಬೋರ್ಡಿನ ಮುಂದೆ ನಿಂತಿರುವುದು ಕಾಣುತ್ತಿತ್ತು. ತಪ್ಪಾಯಿತು ಎನಿಸಿದ ಕೂಡಲೇ ಸ್ವೆಟರಿನ ತೋಳಿನಿಂದ ಒರೆಸಿಬಿಡುವುದು ಅವನ ಅಭ್ಯಾಸ.

"ಕೈ ತೆಗಿ ಮಾರಾಯ."

"ಬಟ್ ಆಂಟಿ, ಎವ್ರಿಬಡಿ ಕೆನ್ ಸೀ ಇಟ್."

"ಕಾಣ್ಲಿ. ಇಲ್ಲಿ ಇರುವ ಎಲ್ಲರದ್ದೂ ಅಲ್ಲೇ ತಪ್ಪಿದ್ದು. ಇಲ್ವಾ ಕೇಳು."

ಹಿಂದಿನ ಬೆಂಚಿನಿಂದ ಒಂದು ಹುಡುಗಿ, "ಮೈನ್ ಈಸ್ ವರ್ಸ್, ಹ್ಯಾನ್ಸೆಲ್," ಎಂದು ಕೂಗಿದಳು. ಎಲ್ಲರೂ ನಕ್ಕರು. ಹ್ಯಾನ್ಸೆಲ್ ತೋಳು ಕೆಳಗಿಳಿಸಿದ. ಮೂರನೆಯ ಟರ್ಮಿನ ಹೊತ್ತಿಗೆ ಅವನ ಸ್ವೆಟರಿನ ತೋಳು ಸ್ವಚ್ಛವಾಗಿರುತ್ತಿತ್ತು.

ಪರೀಕ್ಷೆ ಮುಗಿದು, ಕ್ರಿಸ್ಮಸ್ ಕಳೆದು, ಫೆಬ್ರವರಿಯ ಕೊನೆಗೆ ಫಲಿತಾಂಶ ಬಂತು. ಏಳೂ ಮಕ್ಕಳು ಯಾರೂ ನಿರೀಕ್ಷಿಸದಷ್ಟು ಮೇಲೆ ಬಂದಿದ್ದರು. ಡಿ ಬಂದರೆ ಸಾಕು ಎಂದಿದ್ದ ಹ್ಯಾನ್ಸೆಲನಿಗೆ ಸಿ. ಆದರೆ ಯಾರು ಎಲ್ಲಿಂದ ಹೊರಟರು ಎಂಬುದು ಸರಾಸರಿಗೆ ಬೇಕಿಲ್ಲ, ಎಲ್ಲಿಗೆ ಮುಟ್ಟಿದರು ಎಂಬುದೊಂದೇ ಬೇಕು. ಏಳು ಸಾಧಾರಣ ಅಂಕಗಳು ಸೇರಿ ಶಾಲೆಯನ್ನು ಪತ್ರಿಕೆಯ ಸಾಲಿನಿಂದ ಕೆಳಗೆ ಎಳೆದಿದ್ದವು. ಆ ವಾರ ಟೀಚರ ಆಫೀಸಿನ ಮುಂದೆ ಪೋಷಕರು ಸಾಲಾಗಿ ನಿಂತರು, ಮಕ್ಕಳನ್ನು ಬಿಡಿಸಿಕೊಂಡು ಹೋಗಲು.

ಟೀಚರ್ ಅದಕ್ಕೆ ಕುಗ್ಗಲಿಲ್ಲ. "ಹೋಗ್ಲಿ ಈರಣ್ಣ, ಆ ಏಳು ಮನೆಯವರಿಗಾದ್ರೂ ಗೊತ್ತುಂಟಲ್ಲ," ಎಂದು ನನಗೆ ಚಹಾ ತರಿಸಿದರು. ಚಹಾ ಬರುವ ಮುಂಚೆ ಈಲೇನ್ ಬಂದರು. ಹ್ಯಾನ್ಸೆಲನ ತಂಗಿ ಅದೇ ಶಾಲೆಯಲ್ಲಿ ಫಾರ್ಮ್ ಟೂ. ಅವಳ ಟ್ರಾನ್ಸ್‌ಫರ್ ಬೇಕು ಎಂದರು. ಕೊಂಕಣಿಯಲ್ಲಿ ಶುರುವಾದ ಮಾತು, ನಾನಿರುವುದನ್ನು ಕಂಡು ಕನ್ನಡಕ್ಕೆ ತಿರುಗಿತು. ಸಾಕ್ಷಿಗೊಬ್ಬ ಇರಲಿ ಎಂದಿರಬೇಕು.

"ಕೂತ್ಕೊ ಈಲೇನ್. ನೀನೂ ಹೀಗೆ ಬಂದ್ರೆ ಹೇಗೆ?"

"ಎಂತ ಕೂತ್ಕೊಳ್ಳುದು ಜೋಸಿ ಬಾಯಿ? ಬೇರೆ ಶಾಲೆಯಿಂದ ಆ ಸೆಂಟರಿಗೆ ಹೋದ ಮಕ್ಕಳಿಗೆ ಬಿ ಬಂದಿದೆ. ಹ್ಯಾನ್ಸೆಲನಷ್ಟೂ ಓದದವ್ರಿಗೆ. ಅಲ್ಲಿ ಸಹಾಯ ಮಾಡ್ತಾರೆ ಅಂತ ಊರಿಗೇ ಗೊತ್ತುಂಟು. ನಿನಗೂ ಗೊತ್ತಿತ್ತು."

"ಎಂತ ಸಹಾಯ? ಉತ್ತರ ಬರೆದು ಕೊಡುದಾ?"

"ಎಂತದೋ. ಬಿ ಅಂದ್ರೆ ಬಿ. ಕಾಲೇಜಿನವ್ರು ಕೇಳ್ತಾರಾ, ಹೇಗೆ ಬಂತು ಅಂತ?"

"ಅವ ಸ್ವಂತ ಬರೆದದ್ದು ಈಲೇನ್. ಒಂದೊಂದು ಲೆಕ್ಕವೂ ಸ್ವಂತ."

"ಸ್ವಂತ ಬರೆದದ್ದಕ್ಕೆ ಸಿ ಬಂತು. ಇನ್ನು ಜೀವಮಾನ ಪೂರ್ತಿ ಸಿ." ಈಲೇನ್‌ರ ಕೈ ಪತ್ರವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿತು. "ಇಗರ್ಜಿಯಲ್ಲಿ ಅವನನ್ನು ಎತ್ತಿಕೊಂಡು ನಿಂತವಳು ನೀನು. ನಿನ್ನ ಸತ್ಯಕ್ಕೆ ನನ್ನ ಮಗನೇ ಬೇಕಿತ್ತಾ?"

ಟೀಚರ್ ಪೆನ್ನು ತೆಗೆದರು. ಟ್ರಾನ್ಸ್‌ಫರ್ ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಈಲೇನ್ ಹೋದ ಮೇಲೆ ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ. ನಾನು ಒಂದೆರಡು ಕುಚೋದ್ಯದ ಮಾತು ಹುಡುಕಿದೆ. ನನ್ನಂಗಡಿಯಲ್ಲಿ ಅಂಥ ಮಾಲು ಯಾವತ್ತೂ ಖಾಲಿಯಾಗಿರಲಿಲ್ಲ, ಅಂದು ಖಾಲಿಯಾಗಿತ್ತು.

ಅನಂತ್ ಬಂದು ಕೆಲಸದಿಂದ ತೆಗೆದುಹಾಕಿದ್ದರೆ ಟೀಚರ್ ಬಹುಶಃ ಬದುಕಿಕೊಳ್ಳುತ್ತಿದ್ದರು. ಅನಂತ್ ಹಾಗೆ ಮಾಡುವಷ್ಟು ದಡ್ಡರಲ್ಲ. ಹೊಸ ವರ್ಷದ ನೋಂದಣಿ ಮುಗಿಯಲು ಕೆಲವೇ ದಿನ ಉಳಿದಿದ್ದವು. ಬಹಳ ಮೃದುವಾಗಿ ಹೇಳಿದರಂತೆ: "ನಿಮ್ಮಂಥ ಟೀಚರ್ ನನಗೆ ಎಲ್ಲಿ ಸಿಗ್ತಾರೆ ಮೇಡಮ್? ಈ ಸಲ ಒಂಬತ್ತು ಜನ ಇದಾರೆ. ಪೇರೆಂಟ್ಸಿಗೆ ನೀವೇ ಹೇಳ್ಬೇಕು. ನೀವು ಸುಳ್ಳು ಹೇಳಲ್ಲ ಅಂತ ಎಲ್ಲರಿಗೂ ಗೊತ್ತು, ನಿಮ್ಮ ಮಾತಾದ್ರೆ ನಂಬ್ತಾರೆ."

ಟೀಚರ್ ಹೇಳಿದರು. ಒಂಬತ್ತು ಮನೆಯವರನ್ನೂ ಕರೆದು, ಆ ಸೆಂಟರೇ ಮಗುವಿಗೆ ಒಳ್ಳೆಯದು ಎಂದರು. ಅವರು ಜಗಳವಾಡಬಹುದು ಎಂದು ಟೀಚರ್ ಕಾದಿದ್ದರಂತೆ. ಒಬ್ಬರಾದರೂ ಆಡಲಿ ಎಂದು ಆಸೆಯಿತ್ತೋ ಏನೋ. ಯಾರೂ ಆಡಲಿಲ್ಲ. ಕೆಲವರು ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಒಬ್ಬ ಹುಡುಗಿ ಮಾತ್ರ ಬಾಗಿಲಲ್ಲಿ ತಿರುಗಿ, ಪರೀಕ್ಷೆಗೆ ನಮ್ಮ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಹೋಗಬಹುದಾ ಎಂದು ಕೇಳಿದಳಂತೆ. ಟೀಚರ್ ಬೇಡ ಎಂದರು. ಇದನ್ನು ನನಗೆ ಹೇಳಿದ್ದು ಜೆರೋಮ್. ಅಷ್ಟು ಹೇಳಲು ಆ ಮನುಷ್ಯ ಬೇಲಿಯ ಬಳಿ ಬಹಳ ಹೊತ್ತು ನಿಂತಿದ್ದರು. "ಮನೆಗೆ ಬಂದು ಇದೊಂದೇ ಹೇಳಿದ್ದು ಈರಣ್ಣ. ಊಟ ಮಾಡ್ಲಿಲ್ಲ."

ಬೆಳಗಿನ ಪಾಠ ನಿಂತಿತು. ತಮ್ಮದೆಂದು ಉಳಿಸಿಕೊಂಡಿದ್ದ ಗಣಿತದ ತರಗತಿಯನ್ನೂ ಟೀಚರ್ ಬೇರೆಯವರಿಗೆ ಬಿಟ್ಟುಕೊಟ್ಟರು. ಕೊನೆಯ ಬೆಂಚಿನಲ್ಲಿ ಕೂರುವುದೂ ಇಲ್ಲವಾಗಿ, ಫಿಸಿಕ್ಸಿನವರು ನೆಮ್ಮದಿಯಿಂದ ನೋಟ್ಸಿಗೆ ಮರಳಿದರು. ಮೀಟಿಂಗುಗಳು ಸಮಯಕ್ಕೆ ಶುರುವಾಗಿ ಸಮಯಕ್ಕೆ ಮುಗಿಯತೊಡಗಿದವು.

"ನೋಡಿದ್ರಾ ಈರಣ್ಣೋರೇ," ಎಂದು ಅನಂತ್ ನನ್ನ ಬೆನ್ನು ತಟ್ಟಿದರು, "ಸ್ವಲ್ಪ ಟೈಮ್ ತಗೊಂಡ್ರು. ಆದ್ರೂ ಮೇಡಮ್ ಅಡ್ಮಿನಿಸ್ಟ್ರೇಷನ್ ಕಲಿತುಬಿಟ್ರು." ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾದ ಮೆಚ್ಚುಗೆ.

ಏಪ್ರಿಲಿನ ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ಗಂಡಹೆಂಡತಿ ವರಾಂಡದಲ್ಲಿ ಕೂತಿದ್ದರು. ನಾನೂ ಹೋಗಿ ಸೇರಿಕೊಂಡಿದ್ದೆ. ಗೇಟು ತೆರೆದು ಹ್ಯಾನ್ಸೆಲ್ ಬಂದ. ಕೈಯಲ್ಲಿ ಬಿಸಿ ಮಂದಾಜಿಯ ಪೊಟ್ಟಣ, ಎಣ್ಣೆಯಲ್ಲಿ ಕರಿದ ಇಲ್ಲಿಯ ಸಿಹಿ ರೊಟ್ಟಿ. ತಾಯಿಗೆ ಹೇಳದೆ ಬಂದಿದ್ದ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಕೋರ್ಸಿಗೆ ಸೀಟು ಸಿಕ್ಕಿದೆ, ಪ್ರವೇಶ ಪರೀಕ್ಷೆಯ ಗಣಿತದಲ್ಲಿ ತಾನೇ ಮೊದಲು ಎಂದು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ.

"ಒಬ್ಬ ಹುಡುಗ ನನ್ನನ್ನು ಕಾಪಿ ಹೊಡೆಯೋಕೆ ನೋಡ್ತಿದ್ದ ಆಂಟಿ! ಮಿ! ಕೆನ್ ಯು ಬಿಲೀವ್?"

ಜೆರೋಮ್ ಜೋರಾಗಿ ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಟೀಚರ್ ಪೊಟ್ಟಣವನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದರು.

"ಕಾಲೇಜು ಶುರುವಾಗೋದು ಮೇ ತಿಂಗಳಲ್ಲಿ," ಎಂದ ಹ್ಯಾನ್ಸೆಲ್. ನಡುನಡುವೆ ಕನ್ನಡ ತಂದು, ತನಗೇ ಅದು ತಮಾಷೆ ಎನಿಸಿ ನಗುತ್ತಿದ್ದ. "ಅಲ್ಲೀವರೆಗೆ ಐ ಆಮ್ ಫ್ರೀ. ಮಾರ್ನಿಂಗ್ ಕ್ಲಾಸಿಗೆ ನಾನು ಬರ್ತೇನೆ. ಈ ವರ್ಷದ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೇನೆ. ಎಷ್ಟು ಜನ ಆಂಟಿ?"

ಜೆರೋಮ್ ಎದ್ದು ಒಳಗೆ ಹೋದರು.

"ಎಷ್ಟು ಜನ ಇದ್ದಾರೆ, ವೀಕ್ ಇರೋರು?"

"ಈ ವರ್ಷ ಯಾರೂ ಇಲ್ಲ ಮಗಾ," ಎಂದರು ಟೀಚರ್.

"ಯಾರೂ ಇಲ್ವಾ? ನಾಟ್ ಈವನ್ ಒನ್?" ಹುಡುಗನ ಮುಖ ಅರಳಿತು. "ವಾವ್ ಆಂಟಿ. ಯು ಡಿಡ್ ಇಟ್!" ಎನ್ನುತ್ತ ಬಗ್ಗಿ ಅವರನ್ನು ತಬ್ಬಿಕೊಂಡ. ಅವನ ಭುಜದ ಮೇಲಿನಿಂದ ಟೀಚರ್ ನನ್ನ ಕಡೆ ನೋಡಿದರು. ನಾನು ಕಣ್ಣು ತಪ್ಪಿಸಿ, ಬೇಲಿಯಾಚೆ ನನ್ನದೇ ಮನೆಯನ್ನು ಹೊಸದಾಗಿ ಕಂಡವನ ಹಾಗೆ ನೋಡುತ್ತ ಕೂತೆ.