ಎರಿ ಹೊಲದ ಮೋಟಾರು ಶರ್ಯತ್ತು

ಬಿಸಿ ಎಂಜಿನ್ನಿನ ವಾಸನೆಯೂ ಕಾದ ಮಣ್ಣಿನ ವಾಸನೆಯೂ ಒಂದರೊಳಗೊಂದು ಬೆರೆತು ಬಂದರೆ ನಾನು ಇದ್ದಲ್ಲೇ ನಿಂತುಬಿಡುತ್ತೇನೆ. ಸೊಲ್ಲಾಪುರದ ಹೊರಗೆ, ಚಿಂಚೋಳಿ ಎಂಐಡಿಸಿ ಎಂಬ ಕಾರ್ಖಾನೆಗಳ ವಸಾಹತಿನ ಒಂದು ಗೋದಾಮಿನಲ್ಲಿ ನನ್ನ ನೌಕರಿ. ಮಧ್ಯಾಹ್ನ ಟ್ರಕ್ಕುಗಳು ಬಂದು ನಿಂತಾಗ ಈ ವಾಸನೆ ಬಾಗಿಲಿನಿಂದ ಒಳಗೆ ಸುಳಿಯುತ್ತದೆ. ಉಳಿದವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನನಗೆ ಮಾತ್ರ ಸೊಲ್ಲಾಪುರದ ಹಳೇ ಪೇಟೆಯ ನಮ್ಮ ಮನೆ ಕಣ್ಣ ಮುಂದೆ ಬರುತ್ತದೆ. ಕೆಳಗೆ ಅಜ್ಜನ ಚಾದರದ ಅಂಗಡಿ, ಮೇಲೆ ನಾವು, ಹಿಂದೆ ಅಂಗಳ. ಒಂದು ಕಾಲಕ್ಕೆ ಎಮ್ಮೆ ಕಟ್ಟುತ್ತಿದ್ದ ಆ ಅಂಗಳದಲ್ಲಿ, ಬಣ್ಣ ತಪ್ಪಿದ ಚಾದರವೊಂದನ್ನು ಹೊದ್ದು ಮಲ್ಲುಕಾಕಾನ ಹಸಿರು ಕಾರು ಮಲಗಿರುತ್ತಿತ್ತು. ಮಲ್ಲುಕಾಕಾ ನಮ್ಮಪ್ಪನ ತಮ್ಮ. ಮುಂಜಾನೆ ಆತ ಚಾದರ ಸರಿಸಿ ಎಂಜಿನ್ ಚಾಲೂ ಮಾಡಿದರೆ ಮಾಳಿಗೆಯ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿ, ಮನೆಯ ಮೇಲೊಂದು ಸುತ್ತು ಹೊಡೆದು ಮತ್ತೆ ಬಂದು ಕೂಡುತ್ತಿದ್ದವು. ಅಷ್ಟು ಹೊತ್ತಿಗೆ ನನ್ನ ನಿದ್ದೆ ಅರ್ಧ ಮಾತ್ರ ಹರಿದಿರುತ್ತಿತ್ತು.

ನಮ್ಮ ಊರಲ್ಲಿ ಮೋಟಾರು ಶರ್ಯತ್ತು ಇತ್ತು ಎಂದರೆ ಈಗಿನ ಹುಡುಗರು ನಗುತ್ತಾರೆ. ಅದು ಶುರುವಾದದ್ದು ಅಕ್ಕಲಕೋಟದ ರಸ್ತೆಯಲ್ಲಿ. ಊರಲ್ಲಿ ಬೆರಳೆಣಿಕೆಯಷ್ಟು ಕಾರುಗಳಿದ್ದ ಕಾಲ. ಗುರುವಾರ ಅಲ್ಲಿನ ಸ್ವಾಮಿಗಳ ದರ್ಶನಕ್ಕೆ ಹೋದ ವ್ಯಾಪಾರಿಗಳು ಪ್ರಸಾದ ಮುಗಿಸಿ ಹೊರಟರೆ, ಮೊದಲು ಸೊಲ್ಲಾಪುರ ಮುಟ್ಟುವವರು ಯಾರು ಎಂದು ತಂತಾನೇ ಪೈಪೋಟಿ ಬೀಳುತ್ತಿತ್ತಂತೆ. ಅಜ್ಜನೂ ಅದರಲ್ಲಿ ಒಬ್ಬ. ಒಂದು ದಿನ ಕಾರುಗಳ ಸದ್ದಿಗೆ ಬೆದರಿದ ಎತ್ತುಗಳು ಜೋಳದ ಬಂಡಿಯನ್ನು ತಗ್ಗಿಗೆ ಕೆಡವಿದವು. ಅಜ್ಜ ತಾನೇ ಇಳಿದು ನೊಗ ಎತ್ತಿ, ಚೆಲ್ಲಿದ ಜೋಳ ಬಳಿದು, ಉಳಿದವರಿಗೆ ಹೇಳಿದನಂತೆ: “ರಸ್ತಾ ಮಂದೀದು. ಆಟ ಬೇಕಂದ್ರ ಹೊಲದಾಗ ಆಡ್ರಿ.” ಹಾಗಾಗಿ ಶರ್ಯತ್ತು ಅಕ್ಕಲಕೋಟದ ಈಚೆಗಿದ್ದ ಒಂದು ಎರಿ ಹೊಲಕ್ಕೆ, ಕಪ್ಪು ಮಣ್ಣಿನ ಬಯಲಿಗೆ ಬಂತು. ಬಿಳಿಜೋಳ ಕೊಯ್ದಾದ ಮೇಲೆ, ಬಿಸಿಲಿಗೆ ನೆಲ ಬಿರಿಯುವ ಮೊದಲು, ಕುಂಟಿ ಹೊಡೆದು ಹೊಲವನ್ನು ಸಪಾಟು ಮಾಡುತ್ತಿದ್ದರು. ಒಂದು ತುದಿಗೆ ಖಾಲಿ ಡ್ರಮ್ಮು, ಇನ್ನೊಂದು ತುದಿಗೆ ಬೇವಿನ ಮರ. ಎರಡೆರಡೇ ಕಾರು ಬಿಡುವುದು, ಮೂರು ಸುತ್ತು. ಗೆದ್ದವನಿಗೆ ಒಂದು ಚಾದರ, ತಲೆಗೆ ಸುತ್ತಲು ಒಂದು ಪಟಕಾ. ಅಜ್ಜನ ಕಾಲದಿಂದ ಕಾಕಾನ ಕಾಲದವರೆಗೂ ನಡೆದದ್ದು ಇಷ್ಟೇ. ಇಷ್ಟಕ್ಕೇ ಸುತ್ತಲಿನ ಊರುಗಳ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಬದುವಿನ ಮೇಲೆ ಕೂಡುತ್ತಿದ್ದರು.

ಆ ಹೊಲದವರ ಮಗಳೇ ಮಲ್ಲುಕಾಕಾನ ಹೆಂಡತಿ ಸುಗಲಾಕಾಕು. ಶರ್ಯತ್ತಿಗೆ ಹೋದ ಮಲ್ಲುಕಾಕಾ ಆಕೆಯನ್ನು ಕಂಡದ್ದು ಟ್ರ್ಯಾಕ್ಟರಿನ ಮೇಲೆ. ಸೀರೆಯ ಕಚ್ಚೆ ಬಿಗಿದು ಕುಂಟಿ ಎಳೆಸುತ್ತಿದ್ದಳಂತೆ. ಮದುವೆಯಾಗಿ ಪೇಟೆಯ ಮನೆಗೆ ಬಂದ ಮೇಲೆ ಆಕೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ವ್ಯಾಪಾರಸ್ಥರ ಸೊಸೆ ಗಾಡಿ ಹೊಡೆದರೆ ಮಂದಿ ಏನೆಂದಾರು ಎಂಬುದು ಅಜ್ಜನ ಮಾತು. ಕಾಕು ಎದುರಾಡಲಿಲ್ಲ. ಆಕೆ ಶೇಂಗಾ ಚಟ್ನಿ ಕುಟ್ಟುವಾಗ ಒನಕೆಯ ಸಪ್ಪಳದ ಜೊತೆಗೆ ಸಣ್ಣಗೆ ಏನೋ ಗುನುಗುತ್ತಿದ್ದಳು. ಆ ಗುನುಗು ಅಡಿಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ನನ್ನ ಮಧ್ಯಾಹ್ನದ ನಿದ್ದೆಯೊಳಕ್ಕೆ ಹರಿದು ಬರುತ್ತಿತ್ತು.

ನಾನು ನಾಲ್ಕನೇ ಇಯತ್ತೆಗೆ ಬರುವ ಹೊತ್ತಿಗೆ ಕಾಕಾನಲ್ಲಿ ಏನೋ ಬದಲಾಗಿತ್ತು. ಚಹಾದ ಬಸಿಯನ್ನು ಕಟ್ಟೆಯ ಅಂಚಿನಾಚೆ ಇಟ್ಟುಬಿಡುತ್ತಿದ್ದ. ಎದುರು ನಿಂತ ನನ್ನನ್ನು ನೋಡದೆ, ಮುಖವನ್ನು ಒಂದು ಮಗ್ಗುಲಿಗೆ ಹೊರಳಿಸಿ “ಯಾರು, ಸುಮಿ ಏನ?” ಎನ್ನುತ್ತಿದ್ದ. ಪೇಟೆಯಲ್ಲಿ ಕಾರು ನಡೆಸುವುದನ್ನೂ ಬಿಟ್ಟಿದ್ದ, ಅದಕ್ಕೆ ಡ್ರೈವರನೊಬ್ಬ ಬರುತ್ತಿದ್ದ. ಶರ್ಯತ್ತಿನ ಗೀಳು ಹಿಡದದ ಎಂದು ಅಜ್ಜ ಬೈಯುತ್ತಿದ್ದ. ಶರ್ಯತ್ತಿನ ದಿನ ಮಾತ್ರ ಕಾಕಾನೇ ಚಾಲಕ, ಪಕ್ಕದಲ್ಲಿ ಕಾಕು. ಹೆಂಡತಿಯನ್ನು ಬಿಟ್ಟಿರಲಾರ ಎಂದು ಮಂದಿ ಚೇಷ್ಟೆ ಮಾಡುತ್ತಿದ್ದರು. ಹೀಗೆ ಎರಡು ವರ್ಷ ಆತನೇ ಗೆದ್ದ.

ಮೂರನೆಯ ವರ್ಷ ನಾನು ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತೆ. ಎದುರಾಳಿ, ಯಾವಾಗಲೂ ಇದ್ದಂತೆ, ಗ್ಯಾರೇಜಿನ ಇಸ್ಮಾಯಿಲ್ ಚಾಚಾ. ಸಂಜೆಯ ಬಿಸಿಲು ಓರೆಯಾಗಿತ್ತು, ಬದುವಿನ ಮೇಲೆ ಅಜ್ಜನೂ ಬಂದು ನಿಂತಿದ್ದ. ಕಾರು ಹೊರಟದ್ದೇ ತಡ, ಹೊಲವೆಲ್ಲ ಎದ್ದು ನಮ್ಮ ಹಿಂದೆ ಬಂದಂತೆ ಧೂಳು ಎದ್ದಿತು. ಕಿಟಕಿಯಾಚೆ ಆಕಾಶವೂ ನೆಲವೂ ಒಂದೇ ಅರಿಷಿಣ ಬಣ್ಣ. ಆ ಬಣ್ಣದೊಳಗೆ ನಾವು ತೇಲುತ್ತಿದ್ದೆವು. ಕಾಕು ಮೆಲ್ಲಗೆ ಹೇಳುತ್ತಲೇ ಇದ್ದಳು: “ಎಡಕ್ಕ... ಇನ್ನೊಂದೀಟು... ಈಗ ಡ್ರಮ್ಮು ಬಂತು, ಹೊಳ್ರಿ... ಸೀದಾ ಬಿಡ್ರಿ.” ಆಕೆ ಹೇಳಿದಂತೆ ಕಾಕಾನ ಕೈ ತಿರುಗುತ್ತಿತ್ತು. ಇದೊಂದು ಗಂಡ ಹೆಂಡಿರ ಆಟವೆಂದೇ ನಾನು ತಿಳಿದೆ.

ಮೂರನೇ ಸುತ್ತಿನಲ್ಲಿ ಕಾಕುವಿನ ದನಿ ಒಮ್ಮೆಲೇ ಏರಿತು. “ನಿಂದರ್ಸ್ರಿ! ನಿಂದರ್ಸ್ರಿ!” ಆಕೆ ಸ್ಟೇರಿಂಗಿಗೇ ಕೈ ಹಾಕಿದ್ದಳು. ಕಾರು ಅಡ್ಡಡ್ಡ ಜಾರಿ ನಿಂತಿತು. ನಾನು ಮುಂದಿನ ಸೀಟಿಗೆ ಹಣೆ ಬಡಿದುಕೊಂಡೆ. ಧೂಳು ತಿಳಿಯಾದಾಗ ನಮ್ಮ ಸುತ್ತ ಕುರಿಗಳು. ಮಂದೆಯೊಂದು ದಾರಿ ತಪ್ಪಿ ಹೊಲಕ್ಕೆ ನುಗ್ಗಿತ್ತು. ಉಣ್ಣೆಯ ಹಸಿ ವಾಸನೆ, ಗಂಟೆಗಳ ಸದ್ದು. ಕುರಿಗಳು ಕಾರಿಗೆ ಮೈ ಉಜ್ಜುತ್ತ ಹರಿದುಹೋಗುತ್ತಿದ್ದವು.

“ಏನದ ಮುಂದ?” ಎಂದ ಕಾಕಾ.

“ಕುರಿ ಅದಾವ್ರಿ.”

“ಎಷ್ಟ ದೂರ?”

ಕಾಕು ಆತನ ಕಡೆ ಹೊರಳಿದಳು. “ಗಾಡಿಗೆ ಹತ್ಯಾವ್ರಿ,” ಎಂದಳು.

ಕಾಕಾ ಎರಡೂ ಕೈಗಳನ್ನು ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಂತರ ಹಿಂದಕ್ಕೆ ಕೈ ಚಾಚಿ ನನ್ನ ತಲೆ ಹುಡುಕಿ, ಹಣೆ ಸವರಿದ. “ಸುಗಲಾ, ಈ ಕಡೆ ಬಾ. ನೀ ಹೊಡಿ.”

“ಅಲ್ಲಿ ಮಾವಾರು ನಿಂತಾರ್ರಿ.”

“ನಿಂದರ್ಲಿ.”

ಇಬ್ಬರೂ ಇಳಿದು ಜಾಗ ಬದಲಿಸಿದರು. ಕಾಕು ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿ, ಕುರಿಗಳೆಲ್ಲ ದಾಟುವವರೆಗೆ ಕಾದು, ಗಾಡಿ ಬಿಟ್ಟಳು. ಬೇವಿನ ಮರದ ಕೆಳಗೆ ನಾವು ಬಂದು ನಿಂತಾಗ ಚಾಚಾ ಯಾವಾಗಲೋ ಮುಟ್ಟಿಯಾಗಿತ್ತು. ಚಾಲಕನ ಬಾಗಿಲಿನಿಂದ ಕಾಕು ಇಳಿದದ್ದನ್ನು ಕಂಡು ಬದುವಿನ ಮೇಲಿನ ಜನವೆಲ್ಲ ಎದ್ದು ನಿಂತಿತು. “ಮಲ್ಲು!” ಎಂದು ಅಜ್ಜ ಕೂಗಿದ ದನಿ ಬಂದ ಕಡೆ ಕಾಕಾ ನಡೆದ. “ಅಪ್ಪಾ, ನನಗ ನಡುವಿಂದು ಕಾಣಂಗಿಲ್ಲ. ಬದೀದಷ್ಟ ಕಾಣ್ತದ. ಡಾಕ್ಟರು ಇಲಾಜಿಲ್ಲ ಅಂದಾರ. ನಿಮಗ ಹೇಳೂ ಧೈರ್ಯ ಆಗಲಿಲ್ಲ.”

ಅಜ್ಜ ಬದುವಿನ ಮೇಲೆ ಹಾಗೇ ಕುಳಿತುಬಿಟ್ಟ. ಮೊದಲು ಮಾತಾಡಿದ್ದು ಚಾಚಾ. “ಹಂಗಾದ್ರ ಎರಡ ವರ್ಷ ನನ್ನ ಸೋಲಿಸಿದವರು ಯಾರು, ಮಲ್ಲುಭಾಯ್?”

ಕಾಕಾ ನಕ್ಕು ಕಾಕು ಇದ್ದ ಕಡೆ ಕೈ ಮಾಡಿದ. “ಅಕೀನ್ನ ಕೇಳು.”

ಜನ ನಕ್ಕರು. ಅಜ್ಜ ನಗಲಿಲ್ಲ. ಆದರೆ ಹೊರಡುವ ಹೊತ್ತಿಗೆ ಎದ್ದು ಬಂದು, ಕಾಕುವಿನ ಮುಖ ನೋಡದೆ ಹೇಳಿದ: “ಸಾವಕಾಶ ನಡಸವ್ವಾ. ಹಿಂದ ಕೂಸು ಅದ.” ಅಂದು ಸೊಲ್ಲಾಪುರದ ಪೇಟೆಯೊಳಗೆ, ದೀಪ ಹತ್ತುವ ವೇಳೆಗೆ, ಎಲ್ಲ ಅಂಗಡಿಗಳ ಎದುರು, ನಮ್ಮ ಕಾಕು ಕಾರು ನಡೆಸಿಕೊಂಡು ಬಂದಳು.

ಆ ಮೇಲೆ ಐದಾರು ವರ್ಷ ಕಾಕುವೇ ಶರ್ಯತ್ತಿಗೆ ಇಳಿದಳು. ಕಾಕಾನ ಕಣ್ಣು ಪೂರಾ ಮಸುಕಾದರೂ ಪಕ್ಕದ ಸೀಟು ಬಿಡಲಿಲ್ಲ. ಗೆದ್ದದ್ದು ಕಡಿಮೆ, ಸೋತದ್ದೇ ಹೆಚ್ಚು. ಆದರೆ ಹಿಂತಿರುಗುವಾಗ ಇಬ್ಬರೂ ಅಷ್ಟು ಮಾತಾಡುತ್ತಿದ್ದದ್ದನ್ನು ಮನೆಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಶರ್ಯತ್ತನ್ನು ಯಾರೂ ನಿಲ್ಲಿಸಲಿಲ್ಲ, ಅದು ತಾನಾಗೇ ನಿಂತಿತು. ಆ ಭಾಗಕ್ಕೆ ಕಾಲುವೆಯ ನೀರು ಬಂತು, ಜೋಳದ ಹೊಲದಲ್ಲಿ ಕಬ್ಬು ಎದ್ದಿತು, ವರ್ಷವಿಡೀ ನೆಲ ಹಸಿಯಾಗೇ ಉಳಿಯಿತು. ನೀರು ಬಂದದ್ದಕ್ಕೆ ದುಃಖಪಡುವವರು ಯಾರು? ಅಜ್ಜ ಹೋದ, ಚಾಚಾ ಹೋದ, ಪೇಟೆಯ ಮನೆ ಮಾರಿ ಅಲ್ಲೊಂದು ಹಲವು ಮಾಳಿಗೆಗಳ ಅಂಗಡಿ ಎದ್ದಿತು. ಹೋದ ವರ್ಷ ಮಲ್ಲುಕಾಕಾನೂ ಹೋದ.

ವರ್ಷಾಂತಿಕ ಮುಗಿದ ಮೇಲೆ ಕಾಕುವನ್ನು ಆಕೆಯ ತವರಿಗೆ ಕರೆದುಕೊಂಡು ಹೋಗಿದ್ದೆ. ಒಮ್ಮೆ ಶರ್ಯತ್ತು ನಡೆಯುತ್ತಿದ್ದ ಹೊಲದಲ್ಲಿ, ಕಬ್ಬಿನ ನಡುವಿನ ಕಾಲ್ದಾರಿಯಲ್ಲಿ ಆಕೆ ಮುಂದೆ, ನಾನು ಹಿಂದೆ. ಗಾಳಿಗೆ ಎಲೆಗಳು ಒಂದಕ್ಕೊಂದು ಉಜ್ಜಿಕೊಂಡು ಪಿಸುಗುಡುತ್ತಿದ್ದವು. ಒಂದು ಕಡೆ ಕಾಕು ನಿಂತಳು. ಸುತ್ತ ಆಳೆತ್ತರದ ಕಬ್ಬು ಬಿಟ್ಟರೆ ನನಗೇನೂ ಕಾಣಲಿಲ್ಲ.

“ಇಲ್ಲಿ ಗಾಡಿ ಹೊಳ್ಳುವಾಗ ಅವರು ಭಾಳ ನಗತಿದ್ರು, ಸುಮಿ,” ಎಂದಳು.

ಆಮೇಲೆ ಕಾಲುವೆಯ ಅಂಚಿಗೆ ಕುಳಿತು, ಸೀರೆ ಮೊಣಕಾಲಿಗೆ ಸರಿಸಿ, ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟಳು. ನಾನೂ ಪಕ್ಕದಲ್ಲಿ ಕುಳಿತೆ. ನೀರು ತಣ್ಣಗಿತ್ತು.